ನೋವಿನ ಗುಳಿಗೆ ಕೇಳಿ ಬಂದವರ ಜೊತೆ ನಾನು ಮಾತಾಡುವ ರೀತಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾದಾಗ ನನ್ನ ಔಷಧಿ ಅಂಗಡಿಯಲ್ಲಿ ನೋವಿನ ಗುಳಿಗೆಗೆ ಕೇಳಿಕೆ ಜಾಸ್ತಿ. ದಿನವಿಡೀ ಚೀಲ ಹೊರುವ ಹಮಾಲರ ಸೊಂಟ, ಕುತ್ತಿಗೆ ನೋಯದೆ ಇರುತ್ತದೆಯೇ? ಅವರ ನೋವು ಸುಳ್ಳಲ್ಲ. ಹಾಗಾಗಿ ಗುಳಿಗೆ ಕೇಳಿದವರನ್ನು ನಾನು ಕಳ್ಳರನ್ನು ನೋಡಿದ ಹಾಗೆ ನೋಡುವುದಿಲ್ಲ.

ಆದರೆ ಟ್ರಮಡಾಲ್ ಎಂದರೆ ಕೈ ತಡೆಯುತ್ತೇನೆ. ಇದು ಅಫೀಮಿನ ಬಳಗದ ಔಷಧಿ. 2018ರಿಂದ ಮಾದಕ ವಸ್ತುಗಳ ಕಾನೂನಿನ ಅಡಿಯಲ್ಲೂ ಇದೆ. ಡಾಕ್ಟರ್ ಚೀಟಿ ಬೇಕೇ ಬೇಕು. ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಗುಳಿಗೆ ಕೊಟ್ಟೆ ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿಯ ಮೇಲೂ ತಾರೀಖು ಹಾಕಿ ಮುದ್ರೆ ಒತ್ತುತ್ತೇನೆ. ಐದು ದಿನಕ್ಕೆ ಬರೆದ ಚೀಟಿ ಮಡಿಕೆ ಹರಿದು, ಬೆವರಿಗೆ ಶಾಯಿ ಹರಡಿ, ತಿಂಗಳುಗಟ್ಟಲೆ ಜೇಬಿನಲ್ಲಿ ತಿರುಗುವುದನ್ನು ಕಂಡವರಿಗೆ ಈ ಮುದ್ರೆಯ ಬೆಲೆ ಗೊತ್ತು.

ಒಬ್ಬ ಹಮಾಲರು ಟ್ರಮಡಾಲ್‌ನ ಖಾಲಿ ಸ್ಟ್ರಿಪ್ ಹಿಡಿದು ಬಂದರು. ಟವೆಲಿನಿಂದ ಮೂಗು ಒರೆಸುತ್ತಲೇ ಇದ್ದರು, ಮೇಲಿಂದ ಮೇಲೆ ಆಕಳಿಕೆ. ಜನರ ಎದುರು ಕೇಳದೆ ಪಕ್ಕದ ಬೆಂಚಿನಲ್ಲಿ ಕೂರಿಸಿದೆ. “ಚಟ ಇಲ್ರೀ ನನಗ. ಗುಳಿಗಿ ಇಲ್ಲಂದ್ರ ಚೀಲ ಏಳಂಗಿಲ್ಲ” ಎಂದರು. ಮೊದಲು ಒಂದಕ್ಕೇ ಹೋಗುತ್ತಿದ್ದ ನೋವು ಈಗ ಮೂರಕ್ಕೂ ಹೋಗುತ್ತಿರಲಿಲ್ಲ. ಗುಳಿಗೆ ತಪ್ಪಿದರೆ ಬೆವರು, ಮೈಕೈ ಮುರಿತ, ಭೇದಿ, ನಿದ್ದೆ ಇಲ್ಲ. ಇಲ್ಲೇ ಜನ ಸಿಕ್ಕಿಬೀಳುವುದು. ಗುಳಿಗೆ ಬಿಟ್ಟಿದ್ದಕ್ಕೆ ಬಂದ ಮೈನೋವನ್ನು ಹಳೇ ಸೊಂಟನೋವು ಎಂದುಕೊಂಡು ಮತ್ತೊಂದು ನುಂಗುತ್ತಾರೆ. ಡೋಸ್ ಹೆಚ್ಚಾದರೆ ಫಿಟ್ಸ್ ಬರಬಹುದು. ಸಂಜೆ ಮೇಲೆ ಸಾರಾಯಿ ಕುಡಿದರೆ ಉಸಿರೇ ನಿಲ್ಲುವ ಭಯ.

ಚೀಟಿ ಇಲ್ಲದೆ ಗುಳಿಗೆ ಕೊಡಲಿಲ್ಲ. “ಇವತ್ತಿಂದ ಬಿಟ್ಟುಬಿಡ್ರಿ” ಅಂತಲೂ ಹೇಳಲಿಲ್ಲ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಆ ನರಳಾಟಕ್ಕೇ ಹೆದರಿ ವಾಪಸ್ ಹೋಗುತ್ತಾರೆ. ಅವತ್ತೇ ಊರಿನ ಸರ್ಕಾರಿ ದವಾಖಾನೆಗೆ, ಅಲ್ಲಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವಂತೆ ಒಪ್ಪಿಸಿದೆ. ಅಲ್ಲಿನ ಡಾಕ್ಟರು ಡೋಸ್ ಹಂತ ಹಂತವಾಗಿ ಇಳಿಸಿದರು. ಆಮೇಲೆ ಗುಳಿಗೆ ಒಯ್ಯಲು ಹೆಂಡತಿ ಬರುತ್ತಿದ್ದರು. ಬರೆದಷ್ಟೇ ಕೊಡುತ್ತಿದ್ದೆ, ಮನೆಯಲ್ಲಿ ಡಬ್ಬಿ ಅವರ ಕೈಯಲ್ಲೇ. ಸೊಂಟಕ್ಕೆ ವ್ಯಾಯಾಮವನ್ನೂ ಡಾಕ್ಟರು ಹೇಳಿಕೊಟ್ಟಿದ್ದರು. ಅದನ್ನು ಬಿಡಬೇಡಿ ಎಂದು ಬಂದಾಗಲೆಲ್ಲ ಹೇಳುತ್ತಿದ್ದೆ.

ಟ್ರಮಡಾಲ್ ಸಿಗಲಿಲ್ಲವೆಂದು ದಿನಾ ಡೈಕ್ಲೋಫೆನಾಕ್ ಎಂಬ ಬೇರೆ ನೋವಿನ ಗುಳಿಗೆ ನುಂಗುವವರೂ ಇದ್ದಾರೆ. ಅದು ಚಟ ಹಿಡಿಸುವುದಿಲ್ಲ ನಿಜ, ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವವರಿಗಂತೂ ಅಪಾಯ ಜಾಸ್ತಿ.

ಕೌಂಟರಿನ ಗಾಜಿನ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂಟಿಸಿದ್ದೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಖಾಲಿ ಸ್ಟ್ರಿಪ್, ಹಳೇ ಚೀಟಿ ಎರಡನ್ನೂ ಒಯ್ಯಿರಿ. ದಿನಕ್ಕೆ ಎಷ್ಟು ತಿನ್ನುತ್ತಿದ್ದೀರಿ ಎನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ. ಎಷ್ಟರಿಂದ ಇಳಿಸಬೇಕು ಅಂತ ಅವರು ಲೆಕ್ಕ ಹಾಕುವುದು ಅದರ ಮೇಲೆಯೇ.