ಮೂರರಲ್ಲಿ ಒಂದನ್ನು ಆರಿಸಿದ ಲೆಕ್ಕ: ನನ್ನ ಅನುಭವ

ನನ್ನ ಪ್ರಯೋಗದ ಪ್ರಸ್ತಾವ ಓದಿದ ಸಮಿತಿಯ ಹಿರಿಯರು ಕೇಳಿದ್ದು ಒಂದೇ ಮಾತು: ಪಿ ಮೌಲ್ಯ, ಅಂದರೆ ಕಂಡ ವ್ಯತ್ಯಾಸ ಬರಿಯ ಆಕಸ್ಮಿಕವೇ ಎಂದು ತೂಗುವ ಅಂಕಿ, ಎಲ್ಲಿ? ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವಿಕಿರಣ ಚಿಕಿತ್ಸೆಯಲ್ಲಿ ಏಳುವ ಬಾಯಿಹುಣ್ಣಿಗೆ ಮೂರು ಮುಕ್ಕಳಿಸುವ ದ್ರಾವಣಗಳಿದ್ದವು. ಬೆಲೆಯೂ ಅಡ್ಡಪರಿಣಾಮವೂ ಹೆಚ್ಚುಕಡಿಮೆ ಒಂದೇ. ದೊಡ್ಡ ಪ್ರಯೋಗಕ್ಕೆ ಯಾವುದನ್ನು ಒಯ್ಯಬೇಕು ಎಂಬುದಷ್ಟೇ ಪ್ರಶ್ನೆ. ಮೂರೂ ಸಮವಾಗಿದ್ದರೆ ಯಾವುದು ಗೆದ್ದರೂ ರೋಗಿಗೆ ನಷ್ಟವಿಲ್ಲ. ಸಂಖ್ಯಾಶಾಸ್ತ್ರಜ್ಞ ಬೆಕ್‌ಹೋಫರ್ 1954ರಲ್ಲಿ ಲೆಕ್ಕ ಕಟ್ಟಿದ್ದೇ ಈ ನೆಲೆಯ ಮೇಲೆ.

ಹಿರಿಯರ ದಾರಿ ಹಿಡಿದಿದ್ದರೆ, ಯಶಸ್ಸಿನ ಪ್ರಮಾಣದಲ್ಲಿ 20% ಮತ್ತು 35% ನಡುವಿನ ಅಂತರ ಹಿಡಿಯಲು, ಮೂರು ಜೋಡಿಗಳಿಗೂ ಬಾನ್‌ಫೆರೋನಿ (ಹಲವು ಹೋಲಿಕೆ ಮಾಡುವಾಗ ಪರೀಕ್ಷೆಯನ್ನು ಬಿಗಿಗೊಳಿಸುವ ತಿದ್ದುಪಡಿ) ಹಾಕಿ, ಒಟ್ಟು ಸುಮಾರು 550 ರೋಗಿಗಳು. ತಲಾ ಹದಿನೆಂಟು ಸಾವಿರದಂತೆ ಕೋಟಿ ರೂಪಾಯಿ. ಗೆದ್ದದ್ದನ್ನು ಆರಿಸುವುದಷ್ಟೇ ಗುರಿಯಾದ ಪ್ರಯೋಗಗಳಿಗೆಂದು ಸೈಮನ್, ವಿಟ್ಟೆಸ್, ಎಲೆನ್‌ಬರ್ಗ್ 1985ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಗುಂಪಿಗೆ 44 ಸಾಕು. ಅಷ್ಟು ಅಂತರವಿದ್ದರೆ, ನಿಜವಾಗಿ ಮೇಲಾದದ್ದು 90% ಸಲ ಕೈಗೆ ಸಿಗುತ್ತದೆ. ಇಪ್ಪತ್ನಾಲ್ಕು ಲಕ್ಷದಲ್ಲಿ ಮುಗಿಯುವ ಕೆಲಸ.

ಮುಗಿಯಲಿಲ್ಲ. ಒಂದು ದ್ರಾವಣಕ್ಕೆ ಕಟು ವಾಸನೆ. ಕಾಯುವ ಕೊಠಡಿಯಲ್ಲಿ ರೋಗಿಗಳು ಒಬ್ಬರ ಬಾಟಲಿ ಇನ್ನೊಬ್ಬರು ಮೂಸಿ, ಯಾರಿಗೆ ಯಾವುದು ಎಂದು ಪಟ್ಟಿಯನ್ನೇ ಮಾಡಿಕೊಂಡರು. ಅದು ಗುಟ್ಟಾಗಿರಬೇಕಿತ್ತು; ಮೊದಲ ಸರಬರಾಜು ಪೂರ್ತಿ ಹಾಳು. ಮೂರಕ್ಕೂ ಪುದೀನ ಎಣ್ಣೆ ಬೆರೆಸಿ ಮತ್ತೆ ತುಂಬಿಸಲು ಸುಮಾರು ಎರಡು ಲಕ್ಷ ಹೋಯಿತು. ವಿಕಿರಣ ಮುಗಿದದ್ದೇ ತಡ ಊರಿಗೆ ಹೋಗಿ ನಾಪತ್ತೆಯಾದವರು ಬೇರೆ. ಅವರನ್ನೆಲ್ಲ ವಿಫಲರೆಂದೇ ಎಣಿಸುವುದಾಗಿ ಮೊದಲೇ ಬರೆದಿಟ್ಟಿದ್ದರಿಂದ ಬಚಾವಾದೆ. ಎರಡು ಗುಂಪುಗಳು ಸಮಸಮ ಬಂದರೆ ಏನು ಮಾಡಬೇಕೆಂಬ ನಿಯಮವೂ ಇತ್ತು. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ, ಗೆಲ್ಲುತ್ತಿರುವ ಗುಂಪಿಗೇ ಹೆಚ್ಚು ರೋಗಿಗಳನ್ನು ತಿರುಗಿಸುವ ವಿಧಾನವನ್ನೂ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಹತ್ತು ಸಾವಿರ ಸಲ ಓಡಿಸಿ ನೋಡಿದೆ. ಇದೇ ವಿಧಾನದಲ್ಲಿ ಮಿಷಿಗನ್‌ನವರು 1985ರಲ್ಲಿ ಪ್ರಕಟಿಸಿದ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ತುಂಬುವ ಯಂತ್ರ) ಪ್ರಯೋಗ ನೆನಪಿದೆಯಲ್ಲ? ಹನ್ನೊಂದು ಶಿಶುಗಳು ಎಕ್ಮೋಗೆ, ಮಾಮೂಲಿ ಚಿಕಿತ್ಸೆಗೆ ಒಂದೇ. ಹನ್ನೊಂದೂ ಉಳಿದವು, ಆ ಒಂದು ತೀರಿಕೊಂಡಿತು. ಒಂದೇ ಶಿಶುವಿನ ಹೋಲಿಕೆ ಸಾಕೇ ಎಂಬ ವಾದ ಮಾತ್ರ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಫಲಿತಾಂಶ ಕೈಸೇರಲು ಆರು ವಾರ. ಅಷ್ಟರಲ್ಲಿ ಅರ್ಧಕ್ಕರ್ಧ ಜನ ಸೇರಿಬಿಟ್ಟಿರುತ್ತಾರೆ, ತಿರುಗಿಸುವುದು ಯಾರನ್ನು? ಕೈಬಿಟ್ಟೆ.

ಗೆದ್ದ ದ್ರಾವಣ ಮೊದಲ ಹಂತದಲ್ಲಿ 40% ಹತ್ತಿರ ತೋರಿಸಿತ್ತು. ಮಾಮೂಲಿ ಆರೈಕೆಯ ಎದುರು ಹೊಸ ರೋಗಿಗಳಲ್ಲಿ ಹೋಲಿಸಿ ನೋಡಿದಾಗ 33ರ ಆಸುಪಾಸಿಗೆ ಇಳಿಯಿತು. ಅನುಮಾನಿಸಿದವರಿಗೆ ಹಬ್ಬ. ಆದರೆ ಗೆದ್ದವರನ್ನೇ ಆರಿಸಿ ಅಳೆದರೆ ಅಂಕಿ ಉಬ್ಬಿರುತ್ತದೆ, ಐದಾರು ಅಂಶ ಇಳಿಯುತ್ತದೆ ಎಂದು ನನ್ನ ಪ್ರಸ್ತಾವದಲ್ಲೇ ಇತ್ತು. ಅದಕ್ಕೇ ಎರಡೂ ಹಂತಗಳ ಅಂಕಿಗಳನ್ನು ನೇರವಾಗಿ ಕೂಡಿಸಿರಲಿಲ್ಲ. ಇಳಿದರೂ ಮಾಮೂಲಿ ಆರೈಕೆಯನ್ನು ಸ್ಪಷ್ಟವಾಗಿ ಮೀರಿಸಿತು, ಅದೂ ಹಿರಿಯರು ಕೇಳಿದ ಪಿ ಮೌಲ್ಯದ ಸಮೇತ.

ಈಗ ನಾಲ್ಕು ಗುಂಪುಗಳ ಪ್ರಸ್ತಾವ ಕಳುಹಿಸಿದ್ದೇನೆ, ತಲಾ 52. ಸಮಿತಿ ಈ ಸಲ ಕೇಳಿದ್ದು ಬಾಟಲಿಗಳ ಖರ್ಚನ್ನು ಮಾತ್ರ.