ಮನೆಯ ಇಮೇಲ್‌ಗೆ ನಾನು ಹಾಕಿದ ಬೇಲಿ

ನಮ್ಮ ಮನೆಯಲ್ಲಿ ಎಲ್ಲರ ಇಮೇಲ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಬಿದ್ದಿದೆ. ಆಂಟಿವೈರಸ್‌ಗೆ ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನು ಕೊಟ್ಟಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನು ಆಫ್ ಮಾಡದೆ, ಅಪ್‌ಡೇಟ್ ನಿಲ್ಲಿಸದೆ ಬಿಟ್ಟರೆ ಮನೆ ಬಳಕೆಗೆ ಸಾಕು ಅನ್ನೋದು ನನ್ನ ಲೆಕ್ಕ. ಕೆಲಸ ಇರುವುದು ಬೇರೆ ಕಡೆ: ಮೇಲ್ ಐಡಿ ಯಾರಿಗೆ ಕೊಡುತ್ತೇವೆ, ಬಂದ ಫೈಲಿನ ಹೆಸರನ್ನು ಪೂರ್ತಿ ಓದುತ್ತೇವಾ ಅನ್ನುವುದರಲ್ಲಿ.

ಮೊದಲು ಐಡಿ ಎರಡು ಮಾಡಿದೆ. ಬ್ಯಾಂಕು, ಪ್ಯಾನ್, ಆಧಾರ್, ತೆರಿಗೆಗೆ ಒಂದು. ಅದನ್ನು ನೆಂಟರಿಗೂ ಕೊಡುವುದಿಲ್ಲ. ಬಟ್ಟೆ ಅಂಗಡಿಯ ಬಿಲ್ ಕೌಂಟರು, ಬಸ್ ಟಿಕೆಟ್, ಆನ್‌ಲೈನ್ ಆರ್ಡರುಗಳಿಗೆ ಇನ್ನೊಂದು. ಎರಡನೆಯದರಲ್ಲಿ ಕಸ ಬಿದ್ದರೆ ಬೀಳಲಿ. ಆ ಐಡಿಗೆ 'ನಿಮ್ಮ ಬ್ಯಾಂಕ್ ಖಾತೆ ಬ್ಲಾಕ್ ಆಗಿದೆ' ಅಂತ ಮೇಲ್ ಬಂದರೆ ಯೋಚನೆ ಮಾಡುವ ಪ್ರಮೇಯವೇ ಇಲ್ಲ. ಬ್ಯಾಂಕಿಗೆ ಆ ಐಡಿ ಗೊತ್ತೇ ಇಲ್ಲವಲ್ಲ!

ಜಿಮೇಲ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಐಡಿಯಲ್ಲಿ ನಮ್ಮ ಹೆಸರಾದ ಮೇಲೆ, ಅಟ್ ಗುರುತಿಗೆ ಮುಂಚೆ, ಪ್ಲಸ್ ಹಾಕಿ ಏನನ್ನಾದರೂ ಸೇರಿಸಬಹುದು. 'ಪ್ಲಸ್ ಚಪ್ಪಲಿ' ಅಂತ ಚಪ್ಪಲಿ ಅಂಗಡಿಗೆ ಕೊಟ್ಟರೂ ಮೇಲ್ ನಮಗೇ ಬರುತ್ತದೆ. ನಾಳೆ ಆ ವಿಳಾಸಕ್ಕೆ ಸಾಲದ ಜಾಹೀರಾತು ಬಂದರೆ ಐಡಿ ಎಲ್ಲಿಂದ ಸೋರಿತು ಅಂತ ತಿಳಿಯುತ್ತದೆ. ಆ ವಿಳಾಸಕ್ಕೆ ಬಂದದ್ದೆಲ್ಲ ಕಸಕ್ಕೆ ಹೋಗಲಿ ಅಂತ ಒಂದು ಫಿಲ್ಟರ್ ಹಾಕಿದರೆ ಆ ಬಾಗಿಲು ಬಂದ್. ಆದರೆ ಪ್ಲಸ್ ಭಾಗವನ್ನು ಯಾರು ಬೇಕಾದರೂ ಅಳಿಸಿ ಕಳಿಸಬಹುದು, ಕೆಲವು ಸೈಟುಗಳು ಪ್ಲಸ್ ಗುರುತನ್ನೇ ಒಪ್ಪುವುದಿಲ್ಲ. ಹಾಗಾಗಿ ಅದರ ಮೇಲೆ ಜಾಸ್ತಿ ಭರವಸೆ ಇಟ್ಟಿಲ್ಲ.

ಅಪ್ಪನದು ಬೇರೆ ಕಥೆ. ಅವರು ರಿಟೈರ್ ಆಗಿದ್ದಾರೆ, ಬಂದ ಮೇಲನ್ನೆಲ್ಲ ಓದುತ್ತಾರೆ. ಜುಲೈ ಬಂತೆಂದರೆ ತೆರಿಗೆ ರಿಫಂಡ್ ಹೆಸರಿನ ಮೇಲ್‌ಗಳ ಸುಗ್ಗಿ.

"ಏನೋ ಇದು, ಇನ್‌ಕಮ್ ಟ್ಯಾಕ್ಸ್‌ನೋರು ದುಡ್ಡು ವಾಪಸ್ ಕೊಡ್ತಾರಂತೆ. ಅಕೌಂಟ್ ನಂಬರ್ ಹಾಕು ಅಂತಿದೆ."

"ಒತ್ಬೇಡಿ ಅಪ್ಪಾ. ಲಿಂಕ್ ಮೇಲೆ ಬೆರಳು ಹಿಡ್ಕೊಳ್ಳಿ, ವಿಳಾಸ ಕಾಣುತ್ತೆ. ಶುರುವಿನ 'ಎಚ್‌ಟಿಟಿಪಿಎಸ್' ಪಕ್ಕದ ಎರಡು ಓರೆಗೆರೆ ಬಿಟ್ಬಿಡಿ, ಅದಾದ ಮೇಲೆ ಬರೋ ಮೊದಲನೇ ಓರೆಗೆರೆ ತನಕ ಬನ್ನಿ, ಅಲ್ಲಿಂದ ಹಿಂದಕ್ಕೆ ಓದಿ."

ಹಿಂದಕ್ಕೆ ಓದುವುದೇ ಇಲ್ಲಿನ ಗುಟ್ಟು. ಇಲಾಖೆಯ ಸೈಟು 'ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್'. ಕಳ್ಳರ ಲಿಂಕಿನಲ್ಲೂ ಅದೇ ಹೆಸರು ಇರುತ್ತದೆ, ಆದರೆ ಮುಂಭಾಗದಲ್ಲಿ. ಅದಾದ ಮೇಲೆ ಇನ್ನೊಂದು ಡಾಟ್, ಇನ್ಯಾವುದೋ ಹೆಸರು, ಕೊನೆಗೆ ಡಾಟ್ ಕಾಮ್. ಸೈಟಿನ ಮಾಲೀಕ ಯಾರು ಅಂತ ಹೇಳುವುದು ಕೊನೆಯ ಭಾಗ. ಕಳಿಸಿದವರ ಹೆಸರನ್ನಂತೂ ನಂಬಲೇಬಾರದು, ಆ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಪಿನ್, ಪಾಸ್‌ವರ್ಡುಗಳನ್ನು ಇಲಾಖೆ ಮೇಲ್‌ನಲ್ಲಿ ಕೇಳುವುದಿಲ್ಲ. ರಿಫಂಡ್ ಬಂದಿದೆಯಾ ಅಂತ ಈಗ ಅಪ್ಪ ತಾವೇ ಪೋರ್ಟಲ್ ತೆರೆದು ನೋಡುತ್ತಾರೆ.

ಇನ್ನು ವೈರಸ್. 2000ರ ಮೇ ತಿಂಗಳಲ್ಲಿ 'ಐ ಲವ್ ಯು' ವೈರಸ್ ಜಗತ್ತನ್ನೆಲ್ಲ ಸುತ್ತಿತು. ಮೇಲ್ ಜೊತೆ ಬಂದ ಫೈಲಿನ ಹೆಸರು 'ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್' ಅಂತ ಮುಗಿಯುತ್ತಿತ್ತು. ಟಿಎಕ್ಸ್‌ಟಿ ಅಂದರೆ ಬರೀ ಅಕ್ಷರದ ಫೈಲು, ವಿಬಿಎಸ್ ಅಂದರೆ ತೆರೆದ ಕೂಡಲೇ ಓಡುವ ಪ್ರೋಗ್ರಾಂ. ಕೊನೆಯ ಬಾಲವನ್ನು ವಿಂಡೋಸ್ ಮುಚ್ಚಿಡುತ್ತಿದ್ದರಿಂದ ಜನ ಅದನ್ನು ಬರೀ ಪತ್ರ ಅಂದುಕೊಂಡು ತೆರೆದರು. ಇವತ್ತಿಗೂ ಹೊಸ ಲ್ಯಾಪ್‌ಟಾಪಿನಲ್ಲಿ ಆ ಬಾಲ ಕಾಣುವುದಿಲ್ಲ! ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಬೇಕು. ಮನೆಗೆ ಯಾವ ಕಂಪ್ಯೂಟರ್ ಬಂದರೂ ನಾನು ಮೊದಲು ಮಾಡುವ ಕೆಲಸ ಇದು. ಆಮೇಲೆ 'ಬಿಲ್ ಡಾಟ್ ಪಿಡಿಎಫ್' ಅಂತ ಬಂದದ್ದು ನಿಜಕ್ಕೂ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಆಗಿದ್ದರೆ, ಅಂದರೆ ಪಿಡಿಎಫ್ ವೇಷದ ಪ್ರೋಗ್ರಾಂ ಆಗಿದ್ದರೆ, ಕಣ್ಣಿಗೆ ಬೀಳುತ್ತದೆ.

ಇಎಕ್ಸ್‌ಇ ಫೈಲನ್ನು ಜಿಮೇಲ್ ತಾನೇ ತಡೆಯುತ್ತದೆ, ಜಿಪ್ (ಫೈಲುಗಳನ್ನು ಕಟ್ಟಿಟ್ಟ ಗಂಟು) ಒಳಗೆ ಇಟ್ಟರೂ ಬಿಡುವುದಿಲ್ಲ. ಅದಕ್ಕೇ ಕಳ್ಳರು ಜಿಪ್‌ಗೆ ಪಾಸ್‌ವರ್ಡ್ ಹಾಕುತ್ತಾರೆ. ಬೀಗ ಹಾಕಿದ ಫೈಲಿನ ಒಳಗೇನಿದೆ ಅಂತ ವೈರಸ್ ಹುಡುಕುವ ಸ್ಕ್ಯಾನರ್‌ಗೆ ನೋಡಲಾಗುವುದಿಲ್ಲ. 'ಪಾಸ್‌ವರ್ಡ್ ಇರುವ ಫೈಲ್ ತೆರೆಯಲೇಬೇಡಿ' ಅಂತ ಹೇಳಿಬಿಡಬಹುದಿತ್ತು, ಆದರೆ ನಮ್ಮ ದೇಶದಲ್ಲಿ ಆ ಮಾತು ನಡೆಯುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಇ-ಆಧಾರ್ ಎಲ್ಲ ಬೀಗ ಹಾಕಿಕೊಂಡೇ ಬರುತ್ತವೆ. ಆದ್ದರಿಂದ ಮನೆಯಲ್ಲಿ ಹೀಗೆ ಹೇಳಿದ್ದೇನೆ: ನಿಮ್ಮ ಹೆಸರು, ಹುಟ್ಟಿದ ವರ್ಷದಿಂದ ತೆರೆಯುವ ಪಿಡಿಎಫ್ ಇರಲಿ. ಜಿಪ್ ಬಂದು, ಅದರ ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬರೆದಿದ್ದರೆ ಮುಟ್ಟಬೇಡಿ.

ಉಳಿದವು ಸಣ್ಣಪುಟ್ಟ ಕೆಲಸ. ಕೇಳದೆ ಚಿತ್ರ ತೋರಿಸಬಾರದು ಅಂತ ಸೆಟ್ಟಿಂಗ್ ಬದಲಿಸಿದೆ. ಚಿತ್ರ ತೆರೆದುಕೊಂಡರೆ ಮೇಲ್ ಓದಿದ್ದೇವೆ ಅಂತ ಕಳಿಸಿದವರಿಗೆ ಗೊತ್ತಾಗುತ್ತದೆ. ನಿಜವಾದ ಅಂಗಡಿಯ ಮೇಲ್ ಆದರೆ ಅನ್‌ಸಬ್‌ಸ್ಕ್ರೈಬ್ ಒತ್ತುತ್ತೇನೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ದಾರಿ ಕೊಡಬೇಕು ಅಂತ 2024ರಲ್ಲಿ ಗೂಗಲ್ ನಿಯಮ ತಂದಿದೆ. ಗುರುತಿಲ್ಲದವರ ಮೇಲ್ ಆದರೆ ಸುಮ್ನೆ ಸ್ಪ್ಯಾಮ್ ಅಂತ ಗುರುತು ಹಾಕುವುದಷ್ಟೇ. ಎಲ್ಲರ ಐಡಿಗೂ ಟೂ-ಸ್ಟೆಪ್ ಇದೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುತ್ತದೆ. ಮೇಲ್ ಗೊತ್ತಿಲ್ಲದ ಕಡೆಗೆ ಫಾರ್ವರ್ಡ್ ಆಗುತ್ತಿದೆಯಾ ಅಂತ ಆಗಾಗ ನೋಡುತ್ತೇನೆ. ಒಮ್ಮೆ ಒಳಗೆ ನುಗ್ಗಿದವರು ಹೋಗುವಾಗ ಅದೊಂದನ್ನು ಇಟ್ಟು ಹೋಗುವುದುಂಟು.

ಇಷ್ಟೆಲ್ಲ ದಾಟಿ ಬರುವ ಒಂದು ಜಾತಿ ಇದೆ. 'ನಿಮ್ಮ ಆಂಟಿವೈರಸ್ ರಿನ್ಯೂ ಆಗಿದೆ, ಇಷ್ಟು ಹಣ ಕಟ್ ಆಗಿದೆ, ಬೇಡದಿದ್ದರೆ ಈ ನಂಬರಿಗೆ ಫೋನ್ ಮಾಡಿ.' ಲಿಂಕಿಲ್ಲ, ಫೈಲಿಲ್ಲ, ಸ್ಕ್ಯಾನರ್ ಹಿಡಿಯುವುದಾದರೂ ಏನನ್ನು? ಫೋನ್ ಮಾಡಿದರೆ ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿಸಿ ಖಾತೆ ಖಾಲಿ ಮಾಡುತ್ತಾರೆ. ಹಣ ಹೋದರೆ ತಕ್ಷಣ ಕರೆ ಮಾಡಬೇಕಾದ ಸೈಬರ್ ಸಹಾಯವಾಣಿ 1930. ಅದನ್ನು ಅಪ್ಪನ ಫೋನಿನಲ್ಲಿ ಸೇವ್ ಮಾಡಿಟ್ಟಿದ್ದೇನೆ. ನಮ್ಮನೆಯಲ್ಲಿ ಆಂಟಿವೈರಸ್ ಕೊಂಡವರು ಯಾರೂ ಇಲ್ಲ ಅನ್ನುವುದೂ ಅವರಿಗೆ ಬಾಯಿಪಾಠ.