ಔಟಾಗಿ ಕೂತವನ ಕೆಲಸ

ಕಬಡ್ಡಿಗೆ ಗಟ್ಟಿ ಮನಸ್ಸು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾರದ್ದು ಗಟ್ಟಿ ಅಂತ ಕೇಳಿದರೆ ತೊಡೆ ತಟ್ಟಿ ಎದುರಾಳಿ ಅಂಗಳಕ್ಕೆ ನುಗ್ಗುವ ರೈಡರ್‌ನನ್ನು ತೋರಿಸುತ್ತಾರೆ. ನಾನು ಲೆಫ್ಟ್ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ರೈಡರ್ ಹಿಡಿಯುವ ಜಾಗದಲ್ಲಿ ಆಡಿದವನು. ಈಗ ಮಂಗಳೂರು ಕಡೆ ಕಾಲೇಜು ಹುಡುಗರಿಗೆ ಕಲಿಸುತ್ತೇನೆ. ಹುಡುಗ ಎಷ್ಟು ಗಟ್ಟಿ ಅಂತ ನಾನು ನೋಡುವುದು ಅವನು ಔಟಾಗಿ ಹೊರಗೆ ಕೂತಾಗ.

ಫುಟ್‌ಬಾಲ್‌ನಲ್ಲಿ ಪಾಸ್ ತಪ್ಪಿದರೆ ಹಿಂದೆ ಓಡಿ ಚೆಂಡು ಕಸಿಯಬಹುದು. ಇಲ್ಲಿ ಹಾಗಲ್ಲ. ಔಟಾದವ ಎದ್ದು ಹೋಗಿ ಕೂರಬೇಕು. ತಂಡದ ಬೇರೆ ಯಾರೋ ಎದುರಾಳಿಯನ್ನು ಔಟ್ ಮಾಡಿ ಪಾಯಿಂಟ್ ತಂದರೆ ವಾಪಸ್ ಬರಬಹುದು, ಅದೂ ಮೊದಲು ಔಟಾದವ ಮೊದಲು. ಆ ಹೊತ್ತಿನಲ್ಲಿ ಹುಡುಗರ ತಲೆಯಲ್ಲಿ ಒಂದೇ ಓಡುತ್ತಿರುತ್ತದೆ: ಅಡ್ವಾನ್ಸ್ ಹೋಗಿ, ಅಂದರೆ ಸಮಯಕ್ಕೆ ಮೊದಲೇ ಹಿಡಿಯಲು ನುಗ್ಗಿ ಕೆಡಿಸಿದೆ, ಅಥವಾ ಪಕ್ಕದವ ಸಪೋರ್ಟ್‌ಗೆ ಬರಲಿಲ್ಲ. ಎರಡನೆಯದು ಜಾಸ್ತಿ ಅಪಾಯ.

ಹಾಗಾಗಿ ಕೂತವನಿಗೂ ಕೆಲಸ ಕೊಡುತ್ತೇನೆ. ಎದುರಾಳಿ ರೈಡರ್‌ನ ಕಾಲು ಮಾತ್ರ ನೋಡಬೇಕು. ಯಾವ ಕಾಲು ಮುಂದಿಟ್ಟು ಬರುತ್ತಾನೆ? ಬೋನಸ್ ಗೆರೆ ದಾಟಿ ಪಾಯಿಂಟ್ ಗಿಟ್ಟಿಸಲು ಕಾಲು ಹಾಕುವ ಮುಂಚೆ ಯಾವ ಕಡೆ ವಾಲುತ್ತಾನೆ? ಕೂತವ ಒಳಗೆ ಬಂದ ಕೂಡಲೇ ಪಕ್ಕದ ಕವರ್‌ಗೆ, ಅಂದರೆ ಕಾರ್ನರ್‌ಗೆ ಬೆಂಬಲವಾಗಿ ಹಿಡಿಯುವವನಿಗೆ, ಹೇಳಬೇಕು. 'ಬಲಗಾಲು ಮಾರಾಯ, ನಿನ್ನ ಕಡೆಗೇ ಬರ್ತಾನೆ.' ಅಷ್ಟು ಸಾಕು. ಸುದ್ದಿಯಿಂದ ಲಾಭ ಆಗದಿದ್ದರೂ ಇಬ್ಬರ ನಡುವೆ ಮಾತು ಮತ್ತೆ ಶುರುವಾಗುತ್ತದೆ, ನನಗೆ ಬೇಕಾದದ್ದು ಅದೇ.

ಯಾಕೆಂದರೆ ಕಾರ್ನರ್‌ನ ಆಟ ನಿಂತಿರುವುದೇ ಕವರ್ ಮೇಲೆ. ನಾನು ರೈಡರ್‌ನ ಕಣಕಾಲು ಹಿಡಿದೆ ಅಂತಿಟ್ಟುಕೊಳ್ಳಿ. ನನ್ನ ಎದೆ ನೆಲದಲ್ಲಿ, ಮುಖ ಕೆಳಗೆ, ಏನೂ ಕಾಣುವುದಿಲ್ಲ. ಅವನು ಎಳೆದುಕೊಂಡೇ ಮಿಡ್‌ಲೈನ್ ಕಡೆ ಹಾರುತ್ತಾನೆ. ಆಗ ಕವರ್ ಅವನ ಸೊಂಟಕ್ಕೆ ಬಿದ್ದರೆ ಟ್ಯಾಕಲ್. ಅವ ಒಂದು ಕ್ಷಣ ಹಿಂದೆಮುಂದೆ ನೋಡಿದರೆ ಪಾಯಿಂಟ್ ಅವರದ್ದು. ಹಿಂದಿನ ರೈಡ್‌ನಲ್ಲಿ ನನ್ನಿಂದ ಬೈಸಿಕೊಂಡ ಕವರ್ ಹಿಂದೆಮುಂದೆ ನೋಡಿಯೇ ನೋಡುತ್ತಾನೆ. ಅದಕ್ಕೇ ಆಟ ನಡೆಯುವಾಗ ನಮ್ಮಲ್ಲಿ ಬೈಗುಳ ಇಲ್ಲ. ಬೈಯುವುದಿದ್ದರೆ ಬಸ್ಸಿನಲ್ಲಿ, ಊಟ ಆದ ಮೇಲೆ.

ರೈಡರ್‌ಗಳ ವಿಷಯ ಬೇರೆ. ಬೋನಸ್ ಪಾಯಿಂಟ್ ಸಿಕ್ಕರೆ ಸ್ಕೋರ್ ಏರುತ್ತದೆ, ಆದರೆ ಔಟಾದವ ಒಳಗೆ ಬರುವುದಿಲ್ಲ. ಎಳೆ ಹುಡುಗರು ಬೋನಸ್ ಮೇಲೆ ಬೋನಸ್ ತೆಗೆದು ಖುಷಿಯಾಗಿರುತ್ತಾರೆ, ಹೊರಗೆ ಮೂವರು ಕೂತೇ ಇರುತ್ತಾರೆ. ಗ್ಯಾಲರಿ ಅದಕ್ಕೂ ಚಪ್ಪಾಳೆ ತಟ್ಟುತ್ತದೆ, ಏನು ಮಾಡೋದು! ನಾನು ಮಾತ್ರ ಅಭ್ಯಾಸದ ನಂತರ ಯಾರು ಎಷ್ಟು ಜನರನ್ನು ಒಳಗೆ ತಂದರು ಅಂತ ಬೇರೆ ಲೆಕ್ಕ ಓದುತ್ತೇನೆ.

2019ರ ಜನವರಿಯಲ್ಲಿ ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್ ನೆನಪಿದೆ ಅಲ್ವಾ? ಮೊದಲರ್ಧ ಹಿಂದಿದ್ದ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿತು. ಬುಲ್ಸ್‌ನ ರೈಡರ್ ಪವನ್ ಶೆರಾವತ್ ಒಬ್ಬರೇ 22 ಪಾಯಿಂಟ್. ಹುಡುಗರಿಗೆ ಆ 22 ಬಾಯಿಪಾಠ. ಉಳಿದ 16 ಎಲ್ಲಿಂದ ಬಂತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಅಭ್ಯಾಸದಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ಸೋಲುವ ಸ್ಥಿತಿಯಿಂದಲೇ ಆಟ ಶುರು ಮಾಡುವುದು. ಐದು ಪಾಯಿಂಟ್ ಹಿಂದೆ, ಉಳಿದದ್ದು ಐದು ನಿಮಿಷ, ಅಂಗಳದಲ್ಲಿ ಮೂವರು, ಎದುರು ಏಳು ಜನ. ಮೂವರಿದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಇದು ಗೊತ್ತಿದ್ದರೂ ಮೊದಮೊದಲು ಎಲ್ಲರೂ ಅವಸರದಲ್ಲಿ ರೈಡರ್ ಮೇಲೆ ಬೀಳುತ್ತಿದ್ದರು. ಮೂವತ್ತು ಸೆಕೆಂಡ್ ಒಳಗೆ ರೈಡ್ ಮುಗಿಸುವ ಒತ್ತಡ ರೈಡರ್‌ಗೂ ಇದೆ, ಅವನೇ ಬರಲಿ ಅಂತ ಕಾಯೋದು ಕಲಿಯಲು ಅವರಿಗೆ ಒಂದು ಮಳೆಗಾಲ ಹಿಡಿಯಿತು. ಗಲಾಟೆಯಲ್ಲೂ ಗಮನ ಕೆಡಬಾರದು ಅಂತ ಪಕ್ಕದಲ್ಲಿ ಸ್ಪೀಕರ್ ಜೋರಾಗಿ ಹಾಕುತ್ತೇವೆ. ನಮ್ಮೂರ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಕಾಮೆಂಟ್ರಿಯವರು ಮಾಡುವ ತಮಾಷೆ ಕೇಳಿದವರಿಗೆ ಇದು ಯಾಕೆ ಅಂತ ಗೊತ್ತು.

ಡೂ ಆರ್ ಡೈ ರೈಡ್‌ಗೆ (ಪಾಯಿಂಟ್ ತರದಿದ್ದರೆ ರೈಡರ್ ಔಟಾಗುವ ಮೂರನೇ ರೈಡ್) ಯಾರು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿರುತ್ತೇವೆ. ಎರಡು ರೈಡ್ ಖಾಲಿ ಹೋದ ಮೇಲೆ ಚರ್ಚೆ ಬೇಡ. ಹೋಗುವವ ಎಂಡ್ ಲೈನ್‌ನಲ್ಲಿ ಒಂದು ಸಲ ಉಸಿರು ಪೂರ್ತಿ ಹೊರಗೆ ಬಿಟ್ಟು, ಎದುರಿನವರನ್ನು ಎಣಿಸಿ ಹೊರಡುತ್ತಾನೆ. ಹೆದರಿದವನ ಉಸಿರು ಗಂಟಲಲ್ಲೇ ನಿಂತು 'ಕಬಡ್ಡಿ ಕಬಡ್ಡಿ' ಬೇಗ ತುಂಡಾಗುತ್ತದೆ. ಅವನು ಔಟಾದರೆ, ಮುಂದಿನ ರೈಡರ್ ಹೊರಡುವ ಮುಂಚೆ ಅವನ ಕಡೆ ಕೈ ಎತ್ತಿಯೇ ಹೋಗಬೇಕು. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಹುಡುಗರೇ ಮಾಡಿಕೊಂಡದ್ದು.